ನಾಲ್ಕು ಪರದೆ, ಸದ್ದಿಲ್ಲದ ಪೆಟ್ಟಿಗೆ

ರಾತ್ರಿ ಹತ್ತೂವರೆ. ದಾಂಡೇಲಿಯ ಬಂಗೂರನಗರದ ಓಣಿಯಲ್ಲಿ ಒಂದೊಂದೇ ದೀಪ ಆರುತ್ತಿದೆ. ನಿಮ್ಮ ಮೇಜಿನ ಮೇಲೆ ಮಾತ್ರ ನಾಲ್ಕು ಪರದೆಗಳು ಉರಿಯುತ್ತಿವೆ. ಷೇರುಪೇಟೆ ಮಧ್ಯಾಹ್ನ ಮೂರೂವರೆಗೇ ಮುಚ್ಚಿದೆ, ಸರಕುಪೇಟೆಯಾದ ಎಂಸಿಎಕ್ಸ್‌ನಲ್ಲಿ ಕಚ್ಚಾತೈಲ ಮಾತ್ರ ಅಮೆರಿಕದ ಹಗಲಿನ ಜೊತೆ ಈಗ ಕಾವೇರುತ್ತಿದೆ. ಅಷ್ಟರಲ್ಲಿ ಒಳಕೋಣೆಯಿಂದ ದನಿ: “ರೀ, ಆ ಗಿರಣಿ ಬಂದ್ ಮಾಡ್ರಿ, ಕೂಸು ಈಗ ಮಲಗೇತಿ.”

ಗಿರಣಿ ಅಂದದ್ದು ನಿಮ್ಮ ಕಂಪ್ಯೂಟರಿಗೆ. ಹಗಲಿನಲ್ಲಿ ಆ ಸದ್ದು ನಿಮ್ಮ ಗಮನಕ್ಕೇ ಬಂದಿರುವುದಿಲ್ಲ. ಆದರೆ ಎಂಸಿಎಕ್ಸ್ ನಡೆಯುವುದು ರಾತ್ರಿ ಹನ್ನೊಂದೂವರೆಯವರೆಗೆ, ಅಮೆರಿಕದಲ್ಲಿ ಚಳಿಗಾಲದ ಸಮಯ ಬಂದಾಗ 11.55ರವರೆಗೆ. ಕಾಡಿನಂಚಿನ ಊರಿನಲ್ಲಿ ಆ ಹೊತ್ತಿಗೆ ಫ್ಯಾನಿನ ಗೊರಗೊರಕ್ಕೆ ಮರೆಯಾಗಲು ಬೇರೆ ಸದ್ದೇ ಇರುವುದಿಲ್ಲ.

1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಊರು ಇದು. ಮಿಲ್ಲಿನ ಒಡೆಯರಾದ ಬಂಗೂರ ಮನೆತನದ ಹೆಸರೇ ಈ ಬಡಾವಣೆಗೂ ಇಲ್ಲಿನ ಕಾಲೇಜಿಗೂ ಬಂದಿದೆ. ಆ ಮಿಲ್ಲಿನ ಷೇರು ಬಿಎಸ್‌ಇ, ಎನ್‌ಎಸ್‌ಇ ಎರಡರಲ್ಲೂ ಇರುವುದರಿಂದ, ಕಿಟಕಿಯಾಚೆ ಕಾಣುವ ಮಿಲ್ಲು ಪರದೆಯ ಮೇಲೆ ಒಂದು ಗೆರೆಯಾಗಿಯೂ ಓಡುತ್ತದೆ. ಹಾಗಾಗಿ ಚಾರ್ಟು ನೋಡುವ ಹವ್ಯಾಸ ನಮ್ಮೂರಿಗೆ ಹೊರಗಿನದು ಅನ್ನಿಸುವುದಿಲ್ಲ. ಕಷ್ಟವಿರುವುದು ಕಂಪ್ಯೂಟರ್ ಕೊಳ್ಳುವಲ್ಲಿ. ನಾಲ್ಕು ಮಾನಿಟರ್ ಬೇಕು ಎಂದ ಕೂಡಲೇ ಅಂಗಡಿಯವರು ಗೇಮ್ ಆಡುವವರ ದೊಡ್ಡ ಕಾರ್ಡನ್ನು ಕೈಗಿಡುತ್ತಾರೆ. ಸದ್ದಿನ ಕತೆ ಶುರುವಾಗುವುದು ಅಲ್ಲಿಂದಲೇ.

ಮೊದಲು ಕಾಗದದ ಕೊಳವೆ

ಹೊಸ ಕಾರ್ಡಿಗೆ ದುಡ್ಡು ಸುರಿಯುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಗೊತ್ತುಮಾಡಿಕೊಳ್ಳಿ. ಒಂದು ಹಾಳೆ ಕಾಗದವನ್ನು ಕೊಳವೆಯಂತೆ ಸುತ್ತಿ (ನಮ್ಮೂರಲ್ಲಿ ಕಾಗದಕ್ಕೇನು ಬರ?), ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಕ್ಯಾಬಿನೆಟ್ಟಿನ ಸುತ್ತ ನಿಧಾನಕ್ಕೆ ಆಡಿಸಿ. ಹಿಂಭಾಗದಲ್ಲಿ ಮಾನಿಟರ್ ಕೇಬಲ್ ಸಿಕ್ಕಿಸಿರುವ ಜಾಗದ ಒಳಗಿಂದ ಬಂದರೆ ಅದು ಗ್ರಾಫಿಕ್ಸ್ ಕಾರ್ಡ್. ಕರೆಂಟ್ ವೈರ್ ಒಳಹೋಗುವ ಕಡೆಯಿಂದ ಬಂದರೆ ಎಸ್‌ಎಂಪಿಎಸ್. ಮೇಲ್ಭಾಗದ ನಡುವೆ ಬಂದರೆ ಪ್ರೊಸೆಸರ್ ಫ್ಯಾನ್. ಕಟಕಟ ಅನ್ನುವುದು ಹಳೆಯ ಹಾರ್ಡ್‌ಡಿಸ್ಕ್. ನನ್ನ ಪರಿಚಯದವರೊಬ್ಬರು ಕಾರ್ಡ್ ಬದಲಿಸಿದ ಮೇಲೂ ಸದ್ದು ಹೋಗಲಿಲ್ಲವೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ನೋಡಿದರೆ ಮೇಜಿನ ಕೆಳಗಿದ್ದ ಹಳೆಯ ಯುಪಿಎಸ್ ಗುಂಯ್‌ಗುಡುತ್ತಿತ್ತು.

ಬೆರಳಿಟ್ಟು ಫ್ಯಾನ್ ನಿಲ್ಲಿಸಿ ಪರೀಕ್ಷಿಸುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ರೆಕ್ಕೆ ಮುರಿದರೆ ಅಲುಗಾಟ ಶುರುವಾಗಿ ಸದ್ದು ದುಪ್ಪಟ್ಟಾಗುತ್ತದೆ, ಬೆರಳಿಗೂ ಒಳ್ಳೆಯದಲ್ಲ.

ಸದ್ದು ಹುಟ್ಟುವುದು ಹೇಗೆ

ಕಾರ್ಡ್ ವಿದ್ಯುತ್ ತಿನ್ನುತ್ತದೆ. ತಿಂದದ್ದೆಲ್ಲ ಕೊನೆಗೆ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಹಾಕಲು ಗಾಳಿ ಬೇಕು, ಗಾಳಿಗೆ ಫ್ಯಾನ್ ಬೇಕು, ಸದ್ದು ಮಾಡುವುದು ಆ ಫ್ಯಾನ್. ಆದ್ದರಿಂದ ಸದ್ದಿನ ಮೂಲ ಹುಡುಕುತ್ತ ಹಿಂದೆ ಹೋದರೆ ಸಿಗುವುದು ವಾಟ್. ಐವತ್ತು ವಾಟ್‌ನ ಕಾರ್ಡನ್ನು ಸುಮ್ಮನಿರಿಸುವುದು ಸುಲಭ, ಇನ್ನೂರೈವತ್ತು ವಾಟ್‌ನದನ್ನು ಸುಮ್ಮನಿರಿಸಲು ದೊಡ್ಡ ಹೀಟ್‌ಸಿಂಕ್, ದೊಡ್ಡ ಫ್ಯಾನ್, ದೊಡ್ಡ ಬೆಲೆ ಎಲ್ಲವೂ ಬೇಕು.

ಫ್ಯಾನಿನ ವೇಗಕ್ಕೂ ಸದ್ದಿಗೂ ಇರುವ ನಂಟು ನೇರವಲ್ಲ, ಬಹಳ ಕಡಿದಾದದ್ದು. ವೇಗವನ್ನು ಐದರಲ್ಲಿ ಒಂದು ಪಾಲು ಇಳಿಸಿದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ, ಅರ್ಧಕ್ಕೆ ಇಳಿಸಿದರೆ ಸುಮಾರು 15. ಹತ್ತು ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಅದಕ್ಕೇ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು ಜೋರಾಗಿ ತಿರುಗುವ ಪುಟ್ಟ ಫ್ಯಾನಿಗಿಂತ ಎಷ್ಟೋ ಮೇಲು. ಪುಟ್ಟದು ಅಷ್ಟೇ ಗಾಳಿ ತಳ್ಳಲು ಹೆಚ್ಚು ಸುತ್ತಬೇಕು, ಅದರ ದನಿಯೂ ಸೊಳ್ಳೆಯಂತೆ ಸಣ್ಣಗೆ, ಕಿವಿಗೆ ಚುಚ್ಚುವ ಹಾಗೆ.

ಇನ್ನು ಟ್ರೇಡಿಂಗ್‌ಗೆ ಎಷ್ಟು ಶಕ್ತಿ ಬೇಕು? ಕೈಟ್ ಇರಲಿ, ಟ್ರೇಡಿಂಗ್‌ವ್ಯೂ ಇರಲಿ, ಪರದೆಯ ಮೇಲಿರುವುದು ಗೆರೆ, ಕಂಬ, ಅಂಕಿಗಳು ಮಾತ್ರ. ಆಟಗಳಲ್ಲಿರುವಂತೆ ನೆರಳು, ನೀರು, ಹೊಗೆಗಳನ್ನು ಸೆಕೆಂಡಿಗೆ ನೂರು ಸಲ ಬಿಡಿಸುವ ಕೆಲಸ ಇಲ್ಲಿಲ್ಲ. ಚಾರ್ಟು ತಡವರಿಸುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಇಂಟರ್ನೆಟ್ಟಿನದು, ಕಡಿಮೆ ರ‍್ಯಾಮಿನದು ಅಥವಾ ತೆರೆದಿಟ್ಟ ನಲವತ್ತು ಟ್ಯಾಬುಗಳದು. ಕಾರ್ಡಿನಿಂದ ನಿಮಗೆ ಬೇಕಾಗಿರುವುದು ನಾಲ್ಕು ಮಾನಿಟರ್ ಸಿಕ್ಕಿಸಲು ನಾಲ್ಕು ಪೋರ್ಟ್. ನೀವು ಕೊಳ್ಳುತ್ತಿರುವುದು ಪೋರ್ಟುಗಳನ್ನು ಎಂದು ತಿಳಿದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಸುಮ್ಮನಿದ್ದರೂ ಬಿಸಿಯಾಗುವ ಕಾರ್ಡ್

ಅಂಗಡಿಯಲ್ಲಿ ಯಾರೂ ಹೇಳದ ಸಂಗತಿ ಒಂದಿದೆ. ಒಂದೇ ಮಾನಿಟರ್ ಇದ್ದಾಗ, ಕೆಲಸವಿಲ್ಲದಿದ್ದರೆ ಕಾರ್ಡು ತನ್ನ ಮೆಮೊರಿಯ ವೇಗವನ್ನು ತಗ್ಗಿಸಿಕೊಂಡು ನಿದ್ದೆಗೆ ಜಾರುತ್ತದೆ. ವೇಗ ಬದಲಿಸಲು ಅದಕ್ಕೊಂದು ಬಿಡುವು ಬೇಕು. ಪರದೆ ಒಂದು ಸಲ ಚಿತ್ರ ಬರೆದು ಮುಗಿಸಿ ಮತ್ತೆ ಶುರುಮಾಡುವ ನಡುವಿನ ಕ್ಷಣಾಂಶದಲ್ಲಿ ಆ ಬದಲಾವಣೆ ನಡೆದರೆ ಕಣ್ಣಿಗೆ ಕಾಣುವುದಿಲ್ಲ. ನಾಲ್ಕು ಮಾನಿಟರ್ ಇದ್ದು, ಒಂದು 60 ಹರ್ಟ್ಸ್, ಇನ್ನೊಂದು 75, ಮತ್ತೊಂದು 144 ಆಗಿದ್ದರೆ ಎಲ್ಲಕ್ಕೂ ಒಟ್ಟಿಗೆ ಬಿಡುವು ಸಿಗುವುದೇ ಇಲ್ಲ. ಆಗ ಕಾರ್ಡು ಪರದೆ ಮಿಣುಕದಿರಲೆಂದು ಮೆಮೊರಿಯನ್ನು ಪೂರ್ತಿ ವೇಗದಲ್ಲೇ ಇಟ್ಟುಬಿಡುತ್ತದೆ. ಚಾರ್ಟು ಅಲುಗಾಡದೆ ನಿಂತಿದ್ದರೂ ಒಳಗೆ ವಾಟ್ ಎರಡು-ಮೂರು ಪಟ್ಟು ಏರಿರುತ್ತದೆ.

“ಫ್ಯಾನ್ ತಾನೇ ನಿಲ್ಲುತ್ತದೆ” ಎಂಬ ಜಾಹೀರಾತು ನೋಡಿ ಕೊಂಡ ಕಾರ್ಡು ಮನೆಯಲ್ಲಿ ಐದೈದು ನಿಮಿಷಕ್ಕೆ ಭರ್ರನೆ ಎದ್ದು ಮತ್ತೆ ಮಲಗುವುದು ಇದೇ ಕಾರಣಕ್ಕೆ. ಒಂದೇ ಹದದ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ, ಎದ್ದು ಬೀಳುವ ಸದ್ದಿಗೆ ಹೊಂದಿಕೊಳ್ಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಸದಾ ಮೆಲ್ಲಗೆ ತಿರುಗುವ ಫ್ಯಾನೇ ವಾಸಿ.

ಆಯ್ಕೆ ಮಾಡುವ ಕ್ರಮ

1. ಪರದೆಗಳನ್ನು ಎಣಿಸಿ, ಪ್ರಾಮಾಣಿಕವಾಗಿ. ನಿಜಕ್ಕೂ ನಾಲ್ಕು ಬೇಕೇ? ಬಿಡಿ ವ್ಯಾಪಾರಿಗಳ ಫ್ಯೂಚರ್ಸ್-ಆಪ್ಷನ್ಸ್ ವಹಿವಾಟಿನ ಬಗ್ಗೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಕಂಡಿದ್ದರು. ಪರದೆ ಹೆಚ್ಚಾದರೆ ಲಾಭ ಹೆಚ್ಚುತ್ತದೆ ಎಂದು ಅದರಲ್ಲಿ ಎಲ್ಲೂ ಇಲ್ಲ! ಎರಡು ಪರದೆ ಸಾಕಾದರೆ ಮುಂದಿನ ಬಹುಪಾಲು ಓದುವ ಅಗತ್ಯವೇ ಇಲ್ಲ.

2. ಇರುವ ಪೋರ್ಟುಗಳನ್ನು ಬಳಸಿ. ಇಂಟೆಲ್‌ನ ಹೆಚ್ಚಿನ ಪ್ರೊಸೆಸರುಗಳ ಒಳಗೇ ಚಿತ್ರ ತೋರಿಸುವ ವ್ಯವಸ್ಥೆ ಇರುತ್ತದೆ. ಮದರ್‌ಬೋರ್ಡಿನ ಹಿಂಭಾಗದಲ್ಲಿ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎರಡೂ ಇದ್ದರೆ ಎರಡು ಮಾನಿಟರಿಗೆ ಕಾರ್ಡೇ ಬೇಡ. ಅದಕ್ಕಿಂತ ನಿಶ್ಶಬ್ದವಾದ ಕಾರ್ಡು ಯಾವ ಅಂಗಡಿಯಲ್ಲೂ ಸಿಗದು. ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿದ್ದರೆ ಮಾತ್ರ ಈ ಸೌಲಭ್ಯ ಇಲ್ಲ. ಎಎಂಡಿ ರೈಜನ್ 7000 ಸಾಲಿನಲ್ಲೂ ಇದೇ ಗುರುತು. ಮೂರು-ನಾಲ್ಕು ಪರದೆ ಬೇಕಾದವರು ಎರಡನ್ನು ಮದರ್‌ಬೋರ್ಡಿಗೆ, ಉಳಿದವನ್ನು ಒಂದು ಸಣ್ಣ ಕಾರ್ಡಿಗೆ ಹಂಚಬಹುದು. ಕಾರ್ಡು ಕೂರಿಸಿದ ಮೇಲೆ ಮದರ್‌ಬೋರ್ಡಿನ ಪೋರ್ಟು ಸತ್ತಂತೆ ಕಂಡರೆ ಗಾಬರಿ ಬೇಡ, ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸನ್ನೂ ಜೊತೆಗೆ ನಡೆಸುವ ಆಯ್ಕೆಯನ್ನು ಚಾಲೂ ಮಾಡಬೇಕು.

3. ವಾಟ್ ನೋಡಿ ಕೊಳ್ಳಿ. ಮದರ್‌ಬೋರ್ಡಿನ ಸ್ಲಾಟ್ ಹೆಚ್ಚೆಂದರೆ 75 ವಾಟ್ ಕೊಡುತ್ತದೆ. ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಕೇಳದ ಕಾರ್ಡು ಎಂದರೆ ಆ ಮಿತಿಯೊಳಗಿನದು ಎಂದರ್ಥ. ಟ್ರೇಡಿಂಗ್‌ಗೆ ಅದನ್ನು ದಾಟಬೇಡಿ. ಕಚೇರಿ ಕೆಲಸಕ್ಕೆಂದೇ ಮಾಡಿದ ಎನ್‌ವಿಡಿಯಾ ಕಾರ್ಡುಗಳು ಇಲ್ಲಿ ಚೆನ್ನಾಗಿ ಹೊಂದುತ್ತವೆ. ಟಿ400 30 ವಾಟ್‌ನದು, ಮೂರು ಪರದೆಗೆ. ಟಿ600 40 ವಾಟ್, ಟಿ1000 50 ವಾಟ್, ಎರಡೂ ನಾಲ್ಕು ಪರದೆಗೆ. 2024ರಲ್ಲಿ ಬಂದ ಆರ್‌ಟಿಎಕ್ಸ್ ಎ400 ಕೂಡ 50 ವಾಟ್‌ನಲ್ಲಿ ನಾಲ್ಕು ಪರದೆ ನಡೆಸುತ್ತದೆ. ಇವೆಲ್ಲ ಒಂದೇ ಸ್ಲಾಟಿನಷ್ಟು ದಪ್ಪ, ಎತ್ತರವೂ ಕಡಿಮೆ. ಹಾಗಾಗಿ ಕಚೇರಿಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಪುಟ್ಟ ಕ್ಯಾಬಿನೆಟ್ಟಿನೊಳಗೂ ಕೂರುತ್ತವೆ. ಫ್ಯಾನ್ ಪುಟ್ಟದೇ, ನಿಜ. ಆದರೆ ಚಾರ್ಟಿನ ಕೆಲಸಕ್ಕೆ ಅದು ಜೋರಾಗಿ ಓಡಬೇಕಾದ ಪ್ರಸಂಗ ಬರುವುದಿಲ್ಲ.

4. ಫ್ಯಾನೇ ಇಲ್ಲದ ಕಾರ್ಡು ಬೇಕೆಂದರೆ ಎರಡು ಸಲ ಯೋಚಿಸಿ. ಆಸುಸ್‌ನ ಜಿಟಿ 710 ಸಾಲಿನಲ್ಲಿ ನಾಲ್ಕು ಎಚ್‌ಡಿಎಂಐ ಇರುವ, ಬರೀ ಹೀಟ್‌ಸಿಂಕಿನ ಒಂದು ಕಾರ್ಡಿದೆ. ಬಹುಪರದೆಯವರ ನಡುವೆ ಅದಕ್ಕೆ ಒಳ್ಳೆಯ ಹೆಸರು. ಆದರೆ ಅದರ ಚಿಪ್ಪು ಹಳೆಯದು, ಆ ಪೀಳಿಗೆಗೆ ಎನ್‌ವಿಡಿಯಾದ ಭದ್ರತಾ ಅಪ್‌ಡೇಟುಗಳೂ 2024ರ ಸೆಪ್ಟೆಂಬರಿಗೆ ಮುಗಿದಿವೆ. ಹಣ ಓಡಾಡುವ ಕಂಪ್ಯೂಟರಿಗೆ ನಾನು ಅದನ್ನು ಹೊಸದಾಗಿ ಕೊಳ್ಳಲಾರೆ. ಮನೆಯಲ್ಲಿ ಈಗಾಗಲೇ ಇದ್ದರೆ ಮಾತು ಬೇರೆ.

5. ಪೋರ್ಟಿನ ಜಾತಿ ನೋಡಿ. ಮೇಲೆ ಹೇಳಿದ ಟಿ, ಎ ಸಾಲಿನ ಕಾರ್ಡುಗಳಲ್ಲಿರುವುದು ಮಿನಿ ಡಿಸ್‌ಪ್ಲೇಪೋರ್ಟ್. ನಿಮ್ಮ ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಮಿನಿಯಿಂದ ಅದಕ್ಕೆ ಹೋಗುವ ಒಂದೇ ಕೇಬಲ್ ತನ್ನಿ, ನಡುವೆ ಕನ್ವರ್ಟರ್ ಇಟ್ಟಷ್ಟೂ ತಲೆನೋವು. ಮಾನಿಟರಿನಲ್ಲಿ ಹಳೆಯ ನೀಲಿ ವಿಜಿಎ ಮಾತ್ರ ಇದ್ದರೆ, ಈಗಿನ ಕಾರ್ಡುಗಳು ಆ ಸಂಕೇತವನ್ನು ಹೊರಡಿಸುವುದೇ ಇಲ್ಲ. ಒಳಗೆ ಚಿಪ್ ಇರುವ ಕನ್ವರ್ಟರ್ ಬೇಕಾಗುತ್ತದೆ. ಆ ದುಡ್ಡಿಗೆ ಸ್ವಲ್ಪ ಸೇರಿಸಿ ಮಾನಿಟರನ್ನೇ ಬದಲಿಸುವುದು ಒಳ್ಳೆಯದು.

6. ಮಾನಿಟರುಗಳು ಅವಳಿ-ಜವಳಿ ಇರಲಿ. ನಾಲ್ಕೂ ಒಂದೇ ಮಾದರಿ, 60 ಹರ್ಟ್ಸ್, 1920×1080. ಈಗಾಗಲೇ ಬೇರೆ ಬೇರೆ ಇದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ಎಲ್ಲವನ್ನೂ 60ಕ್ಕೆ ತನ್ನಿ. ಕ್ಯಾಂಡಲ್ ನೋಡಲು 144 ಹರ್ಟ್ಸ್ ಬೇಕಿಲ್ಲ. ಖರ್ಚಿಲ್ಲದೆ ಸದ್ದು ಇಳಿಸುವ ಉಪಾಯ ಇದು, ಮಾಡುವವರು ಕಡಿಮೆ.

ಪೆಟ್ಟಿಗೆಯೊಳಗಿನ ಗಾಳಿ, ಹೊರಗಿನ ಮಳೆ

ತಣ್ಣನೆಯ ಕಾರ್ಡಿಗೂ ಉಸಿರು ಬೇಕು. ಫ್ಯಾನಿಲ್ಲದ ಕಾರ್ಡು ಕೊಂಡು, ಕ್ಯಾಬಿನೆಟ್ ಫ್ಯಾನೂ ಬಿಚ್ಚಿ, ಪೆಟ್ಟಿಗೆಯನ್ನು ಮೇಜಿನ ಖಾನೆಯೊಳಗೆ ತಳ್ಳಿ ಬಾಗಿಲು ಹಾಕಿದರೆ ಏಪ್ರಿಲ್ ಹೊತ್ತಿಗೆ ಅದು ಒಲೆಯಾಗುತ್ತದೆ. 120 ಮಿಲಿಮೀಟರಿನ ಒಂದು ಕ್ಯಾಬಿನೆಟ್ ಫ್ಯಾನು ಮುಂದುಗಡೆ, ನಿಮಿಷಕ್ಕೆ 600-700 ಸುತ್ತಿನಲ್ಲಿ ತಿರುಗುತ್ತಿರಲಿ. ಆ ವೇಗದಲ್ಲಿ ಅದರ ಸದ್ದು ಮೇಜಿನಾಚೆ ಕೇಳುವುದು ಕಷ್ಟ. ಪೆಟ್ಟಿಗೆಯ ಹಿಂದೆ ಒಂದು ಗೇಣು ಜಾಗ ಬಿಡಿ.

ನಮ್ಮ ಕಡೆಯ ಮಳೆಗಾಲ ಬೇರೆಯದೇ ಲೆಕ್ಕ. ಜೋಯಿಡಾದ ಕಡೆಯವರಿಗೆ ಹೇಳಬೇಕಿಲ್ಲ, ಜೂನ್ ದಾಟಿದರೆ ಚರ್ಮದ ಬೆಲ್ಟಿನಿಂದ ಹಿಡಿದು ಪುಸ್ತಕದ ರಟ್ಟಿನವರೆಗೆ ಎಲ್ಲಕ್ಕೂ ಬೂಷ್ಟು. ಬೇಸಿಗೆಯಲ್ಲಿ ಕೂತ ಧೂಳು ಆ ತೇವಕ್ಕೆ ಹೀಟ್‌ಸಿಂಕಿನ ಸಂದಿಯಲ್ಲಿ ಕೆಸರಿನಂತೆ ಕಚ್ಚಿಕೊಳ್ಳುತ್ತದೆ, ಗಾಳಿಗೆ ದಾರಿ ತಪ್ಪುತ್ತದೆ, ಫ್ಯಾನ್ ವೇಗ ಏರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಧೂಳು ತೆಗೆಯುವುದಾದರೆ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ತೆಗೆಯಿರಿ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಒಂದು ಕಡ್ಡಿ ಸಿಕ್ಕಿಸಿಡಿ. ಕಂಪ್ಯೂಟರ್ ಪೂರ್ತಿ ಬಂದ್ ಆಗಿ ಪ್ಲಗ್ ಕಿತ್ತಿರಬೇಕೆಂದು ಬೇರೆ ಹೇಳಬೇಕೆ? ಮಳೆಗಾಲದಲ್ಲಿ ವಾರಗಟ್ಟಲೆ ಊರಿಗೆ ಹೋಗುವವರಾದರೆ, ಹಿಂದಿರುಗಿದ ಕೂಡಲೇ ಸ್ವಿಚ್ ಒತ್ತಬೇಡಿ. ಕೋಣೆಯ ಕಿಟಕಿ ತೆರೆದು, ಫ್ಯಾನ್ ಹಾಕಿ, ಕೆಲವು ತಾಸು ಆರಲು ಬಿಡಿ.

ಮರ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದು ಕಾಡಿನೂರಿನಲ್ಲಿ ತಪ್ಪಿದ್ದಲ್ಲ. ಇಲ್ಲಿ ಕಡಿಮೆ ವಾಟ್‌ನ ಕಾರ್ಡು ಇನ್ನೊಂದು ಉಪಕಾರ ಮಾಡುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವಾಟ್. ನಾಲ್ಕು ಮಾನಿಟರಿಗೆ ತಲಾ ಇಪ್ಪತ್ತರಂತೆ ಎಂಬತ್ತು, ಸಣ್ಣ ಕಾರ್ಡಿನ ಕಂಪ್ಯೂಟರಿಗೆ ಐವತ್ತು-ಅರವತ್ತು ಹಿಡಿದರೆ ಆರಾಮಾಗಿ ಸಾಗುತ್ತದೆ, ತೆರೆದ ಪೊಸಿಷನ್ ಮುಚ್ಚಿ ಎದ್ದೇಳುವಷ್ಟು ಹೊತ್ತು ಸಿಗುತ್ತದೆ. ಗುಡುಗು ಹತ್ತಿರವಾದರೆ ಮಾತ್ರ ಯುಪಿಎಸ್ ನಂಬಿ ಕೂರಬೇಡಿ. ಕರೆಂಟಿನ ಪ್ಲಗ್ ಜೊತೆ ರೂಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಮೊಬೈಲಿನ ಆ್ಯಪ್‌ನಲ್ಲಿ ಉಳಿದ ಕೆಲಸ ಮುಗಿಸಿಕೊಳ್ಳಬಹುದು.

ಹೆಚ್ಚಿನವರು ಎಡವುವ ಜಾಗಗಳು

ಪೋರ್ಟ್ ಎಣಿಸದೆ ಕೊಳ್ಳುವುದು ಮೊದಲನೆಯದು. ಎಎಂಡಿ ಆರ್‌ಎಕ್ಸ್ 6400 ಒಳ್ಳೆಯ, ಕಡಿಮೆ ವಾಟ್‌ನ ಕಾರ್ಡು, ಆದರೆ ಎರಡೇ ಪರದೆ ನಡೆಸುತ್ತದೆ. ಅಗ್ಗದಲ್ಲಿ ಸಿಗುವ ಜಿಟಿ 1030 ಕೂಡ ಸಾಮಾನ್ಯವಾಗಿ ಎರಡಕ್ಕೇ. ಇನ್ನು ಕೆಲವು ಹಳೆಯ ಕಾರ್ಡುಗಳಲ್ಲಿ ಮೂರು ಪೋರ್ಟು ಕಂಡರೂ ಒಮ್ಮೆಗೆ ಎರಡೇ ಕೆಲಸ ಮಾಡುತ್ತವೆ. ಎಷ್ಟು ಪೋರ್ಟ್ ಇದೆ ಎಂದು ಕೇಳಿ ಸುಮ್ಮನಾಗದೆ, ಒಟ್ಟಿಗೆ ಎಷ್ಟು ಮಾನಿಟರ್ ನಡೆಯುತ್ತವೆ ಎಂದು ಕೇಳಿ. ಒಂದು ಡಿಸ್‌ಪ್ಲೇಪೋರ್ಟನ್ನು ಹಬ್ ಹಾಕಿ ಮೂರಾಗಿ ಒಡೆಯಬಹುದು, ಆದರೆ ಕಾರ್ಡಿನ ಒಟ್ಟು ಮಿತಿ ಅದರಿಂದ ಹೆಚ್ಚುವುದಿಲ್ಲ.

ಎರಡನೆಯದು ಯುಎಸ್‌ಬಿಯಿಂದ ಎಚ್‌ಡಿಎಂಐ ಮಾಡುವ ಡಬ್ಬಿ. ಸದ್ದಿಲ್ಲ, ಅಗ್ಗ, ನಿಜ. ಆದರೆ ಚಿತ್ರ ಸಿದ್ಧಪಡಿಸುವ ಕೆಲಸ ಪ್ರೊಸೆಸರಿನ ಹೆಗಲಿಗೆ ಬೀಳುತ್ತದೆ. ವಾಚ್‌ಲಿಸ್ಟು ಇಟ್ಟ ಪರದೆಗೆ ನಡೆದೀತು, ಆರ್ಡರ್ ಹಾಕುವ ಪರದೆಗೆ ಬೇಡ.

ಮೂರನೆಯದು ಮೂರು ಫ್ಯಾನಿನ ಕಾರ್ಡನ್ನು ಕಂಡರೆ ಮೂರು ಪಟ್ಟು ಸದ್ದು ಎಂದುಕೊಳ್ಳುವುದು. ಹಾಗೇನಿಲ್ಲ, ದೊಡ್ಡ ಮೂರು ಫ್ಯಾನು ಮೆಲ್ಲಗೆ ತಿರುಗಿ ಸುಮ್ಮನಿರಬಹುದು. ಬ್ಲೋವರ್ ಮಾದರಿಯದು, ಅಂದರೆ ಒಂದೇ ಚಕ್ರದಿಂದ ಗಾಳಿಯನ್ನು ಹಿಂದಕ್ಕೆ ಊದುವಂಥದ್ದು, ಬಿಸಿಯಾದಾಗ ಎಲ್ಲಕ್ಕಿಂತ ಹೆಚ್ಚು ಅರಚುತ್ತದೆ. ಗೇಮಿಂಗ್ ಕಾರ್ಡು ಈಗಾಗಲೇ ಮನೆಯಲ್ಲಿದ್ದರೆ ಮಾರುವ ಮುನ್ನ ಅದರ ಫ್ಯಾನಿನ ವೇಗವನ್ನು ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಿಂದ ಹೊಂದಿಸಿ ನೋಡಿ. ಬೇರೆ ಕಂಪನಿಯ ಕಾರ್ಡುಗಳಿಗೂ ಅದು ನಡೆಯುತ್ತದೆ. ಕಾರ್ಡಿನ ಬಿಸಿ 65-70 ಡಿಗ್ರಿಯೊಳಗೆ ಇರುವವರೆಗೆ ಫ್ಯಾನನ್ನು ಕಡಿಮೆ ವೇಗದಲ್ಲಿ, ಆದರೆ ನಿಲ್ಲದಂತೆ ಇಟ್ಟುಬಿಡಿ. ಅದಕ್ಕಿಂತ ಮೇಲೇರಿದರೆ ವೇಗ ತಾನಾಗಿ ಹೆಚ್ಚುವಂತೆ ಗೆರೆ ಎಳೆಯುವುದನ್ನು ಮರೆಯಬೇಡಿ.

ಸಣ್ಣದಾಗಿ ಜೀರುಂಡೆಯಂತೆ ಕಿರ್ರೆನ್ನುವ ಸದ್ದು ಫ್ಯಾನಿಲ್ಲದ ಕಾರ್ಡಿನಲ್ಲೂ ಬರಬಹುದು. ಅದು ಕಾರ್ಡಿನ ಮೇಲಿನ ತಂತಿಸುರುಳಿಗಳು ಕಂಪಿಸುವ ಸದ್ದು. ಯಾವ ಸೆಟ್ಟಿಂಗಿನಿಂದಲೂ ಪೂರ್ತಿ ಹೋಗುವುದಿಲ್ಲ, ಆದ್ದರಿಂದ ಹಿಂತಿರುಗಿಸುವ ಅವಧಿಯೊಳಗೇ ಗುರುತಿಸಬೇಕು.

ಅಂಗಡಿಗೆ ಹೋಗುವ ದಿನ

ಇಂಥ ಕಾರ್ಡಿಗೆ ಸಾಮಾನ್ಯವಾಗಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕು, ಇಲ್ಲವೆ ಆನ್‌ಲೈನ್. ಹೊರಡುವ ಮುನ್ನ ಕ್ಯಾಬಿನೆಟ್ಟಿನ ಒಳಗಿನ ಫೋಟೊ, ಹಿಂಭಾಗದ ಪೋರ್ಟುಗಳ ಫೋಟೊ, ಪ್ರತಿ ಮಾನಿಟರಿನ ಹಿಂಭಾಗದ ಫೋಟೊ ಮೊಬೈಲಿನಲ್ಲಿರಲಿ. ಕ್ಯಾಬಿನೆಟ್ ಪುಟ್ಟದಾದರೆ ಕಾರ್ಡನ್ನು ಬಿಗಿಯುವ ಗಿಡ್ಡ ಪಟ್ಟಿಯೂ ಡಬ್ಬಿಯೊಳಗಿದೆಯೇ ಎಂದು ಅಲ್ಲೇ ತೆರೆದು ನೋಡಿ, ಅದೊಂದಕ್ಕಾಗಿ ಮತ್ತೆ ಹುಬ್ಬಳ್ಳಿಗೆ ಹೋಗಿಬರುವುದು ಅರ್ಧ ದಿನದ ಕೆಲಸ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಹಿಂತಿರುಗಿಸಲು ಎಷ್ಟು ದಿನವಿದೆ ಎಂದು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಬಿಲ್ಲಿನಲ್ಲೇ ಇರಲಿ.

ಅಂಗಡಿಯಲ್ಲಿ ಸದ್ದು ಪರೀಕ್ಷಿಸಿ ಪ್ರಯೋಜನವಿಲ್ಲ. ಹೊರಗೆ ಬೀದಿ, ಒಳಗೆ ಎಸಿ, ಸುತ್ತ ಹತ್ತು ಕಂಪ್ಯೂಟರು. ಮನೆಗೆ ತಂದ ದಿನವೇ ನಾಲ್ಕೂ ಮಾನಿಟರ್ ಸಿಕ್ಕಿಸಿ, ದಿನನಿತ್ಯದ ಚಾರ್ಟುಗಳನ್ನೆಲ್ಲ ತೆರೆದು, ಒಂದರಲ್ಲಿ ವ್ಯಾಪಾರದ ಸುದ್ದಿವಾಹಿನಿಯನ್ನೂ ಓಡಲು ಬಿಡಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಮೆಮೊರಿಯ ವೇಗ, ಬಿಸಿ, ಫ್ಯಾನಿನ ಸುತ್ತು ಮೂರೂ ಕಾಣುತ್ತವೆ. ಸುದ್ದಿವಾಹಿನಿ ನಿಲ್ಲಿಸಿದ ಮೇಲೂ ಮೆಮೊರಿಯ ವೇಗ ಇಳಿಯದಿದ್ದರೆ ಮಾನಿಟರುಗಳ ಹರ್ಟ್ಸ್ ಮತ್ತೆ ನೋಡಿ. ಒಂದು ತಾಸು ಬಿಟ್ಟು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ರಾತ್ರಿ ಹತ್ತೂವರೆಯವರೆಗೆ ಕಾಯಿರಿ, ಸೀಲಿಂಗ್ ಫ್ಯಾನ್ ನಿಲ್ಲಿಸಿ, ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳಿ. ಮೇಜಿನ ಮುಂದೆ ಕೂತು ಕೇಳಬೇಡಿ, ಅಲ್ಲಿ ನಿಮ್ಮ ಗಮನವೆಲ್ಲ ಕಚ್ಚಾತೈಲದ ಮೇಲಿರುತ್ತದೆ.